ಸೋಲುವ ಆಟಕ್ಕೆ ಕೊನೆಯವರೆಗೆ ಕೂತೆವು

“ಏಳಿ ಆಂಟಿ, ನಿಮ್ ಹ್ಯೂಸ್ಟನ್ ಕಥೆ ಮುಗೀತು. ಈ ವರ್ಷ ಪೂರ್ತಿ ಇದೇ ಹಾಡು!” ಎಂದು ನಕ್ಕ, ನನ್ನ ಅಳಿಯನ ಡಲ್ಲಾಸಿನ ಗೆಳೆಯ. ಬೇಸ್‌ಬಾಲ್ ಮೈದಾನದಲ್ಲಿ ಅವನ ಊರಿನ ತಂಡ ನಮ್ಮ ತಂಡವನ್ನು ಚಚ್ಚಿ ಹಾಕಿತ್ತು. ನಮ್ಮವರಿಗೆ ಬ್ಯಾಟ್ ಮಾಡಲು ಇನ್ನೊಂದೇ ಸರದಿ ಬಾಕಿ. ಜನ ಸಾಲುಸಾಲಾಗಿ ಎದ್ದು ಹೋಗುತ್ತಿದ್ದರು. ಟ್ರಾಫಿಕ್ ಶುರುವಾಗುತ್ತದೆಂದು ಅಳಿಯನೂ ಎದ್ದ. ಮೊಮ್ಮಗಳು ಮಾತ್ರ ಕುರ್ಚಿ ಬಿಡಲಿಲ್ಲ. ಕಣ್ಣಲ್ಲಿ ನೀರು. ಈ ತಂಡ ತನ್ನದೆಂದರೆ ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರಂತೆ.

ನನಗೆ ಆ ಆಟದ ತಲೆಬುಡ ತಿಳಿಯದು. ಆದರೂ ಸಿಟ್ಟು ಬಂತು.

“ಪಂಕ್ತೀಲಿ ಕೊನೆಯವರು ಉಂಡು ಮುಗಿಸೋ ತನಕ ಯಾರಾದ್ರೂ ಏಳ್ತಾರೇನಪ್ಪ? ಆ ಹುಡುಗರು ಇನ್ನೂ ಆಡ್ತಾ ಇದಾರೆ. ಅವಸರ ಇದ್ರೆ ನೀವು ಹೊರಡಿ, ನಾವಿಬ್ರು ಇರ್ತೀವಿ,” ಎಂದೆ.

ಅಳಿಯ, ಗೆಳೆಯ ಇಬ್ಬರೂ ಮುಖ ಗಂಟು ಹಾಕಿಕೊಂಡು ಮತ್ತೆ ಕೂತರು. ಕೊನೆಯ ಆಟಗಾರ ಬ್ಯಾಟು ಬೀಸಿದ, ಚೆಂಡು ತಗುಲಲಿಲ್ಲ. ಸೋತರು. ಮೊಮ್ಮಗಳು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಆ ಆಟಗಾರ ನಮ್ಮ ಕಡೆ ತಿರುಗಿ ಹೆಲ್ಮೆಟ್ ಎತ್ತಿದ. ನಮಗಾಗಿಯೋ, ಬೆವರು ಒರೆಸಿಕೊಳ್ಳಲೋ, ಗೊತ್ತಿಲ್ಲ.

ಆ ಸೀಸನ್ ಮುಗಿದಾಗಲೂ ನಮ್ಮವರು ಪಟ್ಟಿಯ ತಳದಲ್ಲೇ ಇದ್ದರು. ಡಲ್ಲಾಸಿನ ಆ ಗೆಳೆಯ ಸಿಕ್ಕಿ ಚುಡಾಯಿಸಿದರೆ ಮೊಮ್ಮಗಳೀಗ ತಲೆ ತಗ್ಗಿಸುವುದಿಲ್ಲ. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಇದನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಾಳೆ: “ಹೌದು ಅಂಕಲ್, ಸೋತ್ವಿ. ಬರೋ ವರ್ಷಾನೂ ಆಟಕ್ಕೆ ಹೋಗ್ತೀವಿ.”