ಆಯಿಯ ತವರು ಹೆಸರು

ನಮ್ಮ ಆಯಿಗೆ ಎರಡು ಹೆಸರು. ಒಂದು ತಿಕೋಟಾದ್ದು, ಇನ್ನೊಂದು ಬಬಲೇಶ್ವರದ್ದು. ಆಯಿ ಅಂದರೆ ನನ್ನ ಅಪ್ಪನ ತಾಯಿ. ತಿಕೋಟಾದಲ್ಲಿ ಹುಟ್ಟಿದಾಗ ತೊಟ್ಟಿಲಲ್ಲಿ ಇಟ್ಟ ಹೆಸರು ಹೊತ್ತುಕೊಂಡು ಬಬಲೇಶ್ವರಕ್ಕೆ ಸೊಸೆಯಾಗಿ ಬಂದರೆ, ಅತ್ತೆಯ ಹೆಸರೂ ಅದೇ ಆಗಿರಬೇಕೆ! ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬಾ, ಹೋಗು ಎಂದು ಕರೆಯುವುದು ಹೇಗೆ? ಮದುವೆಯ ದಿನವೇ ತಾಟಿನಲ್ಲಿ ಅಕ್ಕಿ ಹರವಿ, ಅಜ್ಜನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸಿಬಿಟ್ಟರು. ಆಯಿಯನ್ನು ಯಾರೂ ಕೇಳಲಿಲ್ಲ.

ಆದರೂ ಹಳೆಯ ಹೆಸರು ಅಷ್ಟು ಸುಲಭಕ್ಕೆ ಹೋಗಲಿಲ್ಲ. ಪಂಚಮಿಗೆ ತವರಿಗೆ ಕರೆದೊಯ್ಯಲು ಬಂದ ಅಣ್ಣಂದಿರು ಅಂಗಳದಲ್ಲಿ ನಿಂತೇ ಆ ಹೆಸರು ಹಿಡಿದು ಕೂಗುತ್ತಿದ್ದರಂತೆ. ಒಳಗಿನಿಂದ ಅತ್ತೆ, ಸೊಸೆ ಇಬ್ಬರೂ ಒಟ್ಟಿಗೇ ‘ಓ’ ಅನ್ನುತ್ತಿದ್ದರಂತೆ. ಇದನ್ನು ಹೇಳುವಾಗಲೆಲ್ಲ ಆಯಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಣ್ಣಂದಿರು ಒಬ್ಬೊಬ್ಬರಾಗಿ ಹೋದರು. ಕೊನೆಯವನ ಮಣ್ಣಿಗೆ ಹೋಗಿ ಬಂದ ವಾರ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತವಳು ನನ್ನ ಕಡೆ ನೋಡದೆಯೇ ಅಂದಳು.

“ನನ್ನ ಹೆಸರ ಹಿಡದು ಕರಿಯಾವ್ರು ಯಾರೂ ಉಳೀಲಿಲ್ಲ ಬೇ.”

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಮುಂದೆ ನಾನು ಬಿಜಾಪುರದ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಾಗ, ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಸರ್ ಒಂದು ಷರತ್ತು ಹಾಕಿದರು. ಒಂದೇ ಒಂದು ಪದ, ಅದನ್ನು ಹಳೆಯ ಅಚ್ಚುಮೊಳೆಗಳಿಂದ ಮುದ್ರಿಸಬೇಕು, ಹೇಗೆ ಬೇಕಾದರೂ ಸರಿ, ಕಂಪ್ಯೂಟರ್ ಮುಟ್ಟುವಂತಿಲ್ಲ. ನನ್ನ ಜೊತೆಯವರು ಪ್ರೀತಿ, ನೀರು, ಮಣ್ಣು ಅಂತ ಭಾರಿ ಭಾರಿ ಪದಗಳನ್ನೇ ಹಿಡಿದರು. ನಾನು ಆಯಿಯ ತವರು ಹೆಸರು ಹಿಡಿದೆ. ಅಷ್ಟರಲ್ಲಿ ಆಯಿಯ ಕಣ್ಣು ಮಂಜಾಗುತ್ತ ಬಂದಿತ್ತು, ಆಪರೇಷನ್ ಮಾಡಿದರೂ ನೋಟ ಮರಳದು ಎಂದು ಡಾಕ್ಟರು ಹೇಳಿದ್ದರು. ಅವಳು ಮೂರನೆಯ ಇಯತ್ತೆ ತನಕ ಸಾಲಿ ಕಲಿತವಳು, ಅಕ್ಷರ ಬಲ್ಲವಳು. ಆ ಹೆಸರನ್ನು ಪೂರ್ತಿ ಕತ್ತಲಾಗುವ ಮೊದಲು ಅವಳ ಕೈಗೆ ಕೊಡಬೇಕು, ಅಷ್ಟೇ ನನ್ನ ಹಟ. ಮಾರ್ಕು ಹಾಳಾಗಿ ಹೋಗಲಿ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಪ್ರೆಸ್ ಇತ್ತು. ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನು ಅಲ್ಲಿ ಬಿಲ್ ಬುಕ್ಕಿಗೆ ನಂಬರು ಹಾಕಲಷ್ಟೇ ಉಳಿದಿತ್ತು. ಮಾಲೀಕರಿಗೆ ಎಪ್ಪತ್ತು ದಾಟಿತ್ತು, ಮಾತು ಒರಟು. ಮೊದಲ ದಿನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಇದೇನು ಆಟದ ಸಾಮಾನಲ್ಲ ಎಂದು ಬೈದರು. ನಾನೂ ಬಿಡುವವಳಲ್ಲ, ಮರುದಿನ ಮತ್ತೆ ಹೋದೆ, ಅದರ ಮರುದಿನವೂ ಹೋದೆ. ಕೊನೆಗೆ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ ಕೊಟ್ಟರು. ನಾಟಕ ಕಂಪನಿಗಳ ಪೋಸ್ಟರಿಗೆಂದು ಮಾಡಿಸಿದ್ದ ಕಟ್ಟಿಗೆಯ ಅಕ್ಷರಗಳು, ಅಂಗೈಯಷ್ಟು ದೊಡ್ಡವು. ಮಷೀನಿನ ರೋಲರು ಒಣಗಿ ಹೋಗಿತ್ತು. ಓಡಿಸಿದರಷ್ಟೇ ಮಸಿ ಹರಡುತ್ತದೆ, ಮಸಿ ಹರಡಿದರಷ್ಟೇ ಓಡುತ್ತದೆ. ಹುಚ್ಚು ಬಿಡೂತನಕ ಮದುವಿ ಆಗೂದಿಲ್ಲ, ಮದುವಿ ಆಗೂತನಕ ಹುಚ್ಚು ಬಿಡೂದಿಲ್ಲ ಅನ್ನುವ ಹಾಗಾಯಿತು ಎಂದು ಅವರೇ ನಕ್ಕರು. ಆಮೇಲೆ ನಮ್ಮಿಬ್ಬರಿಗೂ ಸರಿಹೋಯಿತು.

ನನ್ನ ಯೋಚನೆ ಹೀಗಿತ್ತು. ಅವಳ ಹೆಸರನ್ನು ಅಳಿಸಿದ್ದು ಅಕ್ಕಿ, ಅದನ್ನು ಎತ್ತಿ ಕೊಡುವುದೂ ಅಕ್ಕಿಯೇ ಆಗಬೇಕು. ರಟ್ಟಿನ ಮೇಲೆ ಅಂಟು ಬಳಿದು ಅಕ್ಕಿಕಾಳು ಹರವಿ ಒಣಗಿಸಿ, ಮಸಿ ಹಚ್ಚದೆ ದಪ್ಪ ಕಾಗದಕ್ಕೆ ಬಲವಾಗಿ ಒತ್ತಿದರೆ ಕಾಳಿನ ಗುರುತು ಮಾತ್ರ ಕುಳಿಬಿದ್ದು ಮೂಡುತ್ತದೆ. ಅದರ ಮೇಲೆ ಕುಂಕುಮದ ಬಣ್ಣದ ಮಸಿಯಲ್ಲಿ ಹೆಸರು. ಮಷೀನಿಗೆ ಅಕ್ಕಿ ಉಣಿಸುವ ಹುಡುಗಿ ಎಂದು ಮಾಲೀಕರು ಓಣಿಗೆಲ್ಲ ಹೇಳಿಕೊಂಡು ತಿರುಗಿದರು. ಮೊದಲ ಹಾಳೆಗಳಲ್ಲಿ ಕಾಳು ಪುಡಿಯಾಗಿ ಕಾಗದ ಹರಿಯಿತು, ಅಳುವಷ್ಟು ಸಿಟ್ಟು ಬಂತು. ಕೊನೆಗೆ ಕಾಗದದ ಹಿಂದೆ ಹಳೆಯ ಕಂಬಳಿಯ ತುಂಡು ಕೊಟ್ಟು ಒತ್ತಿದಾಗ ಹದ ಬಂತು.

ಹೆಸರು ಜೋಡಿಸುವ ದಿನ ಮಾಲೀಕರು ತಾವೇ ಕೂತರು. ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ಇದು ನಮ್ಮ ಆಯಿಯ ಹೆಸರು ಎಂದಷ್ಟೇ ನಾನು ಹೇಳಿದ್ದೆ. ಮೊಳೆಗಳಲ್ಲಿ ಅಕ್ಷರ ತಿರುವುಮುರುವಾಗಿ ಇರುತ್ತದಲ್ಲ, ಅವರು ಏನು ಜೋಡಿಸಿದರೆಂದು ನನಗೆ ಗೊತ್ತಾಗಲಿಲ್ಲ. ಕರಡು ಹಾಳೆ ತೆಗೆದು ನೋಡಿದರೆ ಹೆಸರಿನ ಮುಂದೆ ಚಿಕ್ಕದಾಗಿ ‘ಕೈ.’ ಎಂದು ಬಿದ್ದಿತ್ತು. ತೀರಿಹೋದವರು ಕೈಲಾಸವಾಸಿಗಳಾದರು ಎಂದು ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರಿಗೆ ಹಾಕುವ ಗುರುತು ಅದು. ನನಗೆ ಮೈಯೆಲ್ಲ ಉರಿದುಹೋಯಿತು.

“ನಮ್ಮ ಆಯಿ ಇನ್ನೂ ಅದಾಳ್ರಿ,” ಅಂದೆ.

ಅವರ ಮುಖ ಸಣ್ಣದಾಯಿತು. ಇಷ್ಟು ವರ್ಷ ಮುದುಕಿಯರ ಹೆಸರು ತಮ್ಮ ಕೈಗೆ ಬಂದದ್ದೆಲ್ಲ ಹಾಗೆಯೇ, ಬದುಕಿದ್ದಾಗ ಯಾರೂ ಅಚ್ಚು ಹಾಕಿಸುವುದಿಲ್ಲ, ಕೈಗೆ ಅದೇ ಚಟ ಎಂದರು. ಚಿಮಟಿಗೆಯಿಂದ ಆ ಮೊಳೆಯನ್ನು ಕಿತ್ತು ಖಾನೆಗೆ ಹಾಕಿದರು. ಆದರೆ ಆವತ್ತಿನಿಂದ ನನಗೆ ಹೆದರಿಕೆ ಶುರುವಾಯಿತು, ಎಲ್ಲಿ ತಡವಾಗುತ್ತದೋ ಎಂದು.

ಕಾಲೇಜಿನ ಪ್ರದರ್ಶನಕ್ಕೆ ಕಾಯಲಿಲ್ಲ. ಮಸಿ ಒಣಗಿದ್ದೇ ಹಾಳೆಯನ್ನು ಸುರುಳಿ ಸುತ್ತಿ ಬಬಲೇಶ್ವರದ ಬಸ್ಸು ಹತ್ತಿದೆ. ಆಯಿ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದಳು. ನಾನು ಎದುರಿಗೆ ನಿಂತರೂ, ಯಾರು ಬೇ ಅದು ಎಂದು ಕೇಳಿದಳು. ಆಗ ಗೊತ್ತಾಯಿತು, ತಡವಾಗಿಯೇ ಹೋಗಿತ್ತು. ಅವಳಿಗೆ ಬಿಸಿಲು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಫೋನಿನಲ್ಲಿ ಎಲ್ಲರೂ ಆರಾಮ ಅದಾಳ ಅದಾಳ ಎಂದೇ ಹೇಳಿದ್ದರು.

ಹಾಳೆಯನ್ನು ಅವಳ ತೊಡೆಯ ಮೇಲೆ ಹರವಿದೆ. ಕ್ಯಾಲೆಂಡರೇನು ಎಂದಳು. ಬೆರಳಾಡಿಸಿದಳು. ಸ್ವಲ್ಪ ಹೊತ್ತಿಗೆ, ಅಕ್ಕಿ, ಎಂದಳು. ಕಾಗದದಲ್ಲಿ ಆಳವಾಗಿ ಒತ್ತಿದ ಅಕ್ಷರಗಳ ಮೇಲೂ ಬೆರಳಾಡಿಸಿದಳು, ಆದರೆ ಜೀವನವೆಲ್ಲ ಬಿಸಿ ಹಂಚು ಮುಟ್ಟಿ ಜಡ್ಡುಗಟ್ಟಿದ ಬೆರಳು, ಅದಕ್ಕೆ ಓದಲು ಆಗಲಿಲ್ಲ.

“ಏನೋ ಬರದೀಯಲ್ಲ, ಓದಿ ಹೇಳು.”

ತಿಂಗಳುಗಟ್ಟಲೆ ಆ ಹೆಸರನ್ನು ಬಿಡಿಸಿದ್ದೆ, ತಿದ್ದಿದ್ದೆ, ಒತ್ತಿದ್ದೆ. ಬಾಯಿಂದ ಒಮ್ಮೆಯೂ ಅಂದಿರಲಿಲ್ಲ. ಹಿರಿಯರ ಹೆಸರು ಹಿಡಿದು ಕರೆಯುವುದುಂಟೆ ನಮ್ಮಲ್ಲಿ? ಹಾಗೆ ಕರೆದ ಮಕ್ಕಳಿಗೆ ಬಾಯಿಗೆ ಬರೆ ಹಾಕುತ್ತೇವೆ ಎನ್ನುತ್ತಾರೆ. ಆಯಿ ಕಿವಿ ಕೊಟ್ಟು ಕಾಯುತ್ತಿದ್ದಳು. ನಾನು ಕಟ್ಟೆ ಇಳಿದು ಅಂಗಳಕ್ಕೆ ಹೋಗಿ, ಅವಳ ಅಣ್ಣಂದಿರು ನಿಲ್ಲುತ್ತಿದ್ದ ಕಡೆ ನಿಂತು, ಆ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದೆ.

“ಓ,” ಅಂದಳು ಆಯಿ.

ಅದು ಮುದುಕಿಯ ದನಿಯಲ್ಲ. ಹಿತ್ತಲಲ್ಲೆಲ್ಲೋ ಆಡುತ್ತಿರುವ ಹುಡುಗಿ ಮನೆಗೆ ಕೇಳಲಿ ಎಂದು ಎಳೆದು ಹೇಳುವಂಥದ್ದು. ಒಳಗಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಆಯಿ ಹಾಳೆಯನ್ನು ಎದೆಗೆ ಒತ್ತಿಕೊಂಡು, ಇನ್ನೊಮ್ಮೆ ಕರೆಯಲು ಹೇಳಿದಳು. ಕರೆದೆ.

“ಓ, ಬಂದ್ನಿ.”

ಆಮೇಲೆ ನಾವು ಮೂವರೂ ಅತ್ತೆವು, ಯಾಕೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಈಗ ಆಯಿ ಇಲ್ಲ. ವರ್ಷದ ಪುಣ್ಯಸ್ಮರಣೆಗೆ ಕಾರ್ಡು ಮಾಡಿಕೊಡು, ಡಿಸೈನ್ ಕಲಿತವಳು ನೀನೇ ಅಲ್ಲವೇ ಎಂದು ಕಾಕಾ ಕೇಳಿದ. ಮಾಡಿಕೊಟ್ಟೆ. ಬಬಲೇಶ್ವರದ ಹೆಸರು ಹಾಕಿದೆ, ಅದರ ಮುಂದೆ ‘ಕೈ.’ ಕೂಡ ನಾನೇ ಹಾಕಿದೆ. ತಿಕೋಟಾದ ಹೆಸರಿಗೆ ಮಾತ್ರ ಆ ಗುರುತು ನಾನು ಹಾಕಲಾರೆ. ಆ ಹಾಳೆ ಬಿಜಾಪುರದ ನನ್ನ ಕೋಣೆಯ ಗೋಡೆಗೆ ಇದೆ. ಬಂದವರು ಯಾರ ಹೆಸರು ಎಂದು ಕೇಳುತ್ತ ಓದಲು ಬಾಯಿ ತೆರೆದರೆ ನನಗೆ ಸಿಟ್ಟೇ ಬರುತ್ತದೆ, ಚಹಾ ಆರುತ್ತದೆ ಕುಡೀರಿ ಎಂದು ಮಾತು ತಿರುಗಿಸುತ್ತೇನೆ. ಇಲ್ಲಿಯೂ ಅದನ್ನು ಬರೆದಿಲ್ಲ. ಬರೆದರೆ ನೀವು ಓದುತ್ತೀರಿ, ಓದಿದರೆ ಕರೆದ ಹಾಗೆ ಆಗುತ್ತದೆ. ಓ ಅನ್ನುವವಳು ಇಲ್ಲ.