ಬಾಯಮ್ಮನ ಮದುವೆ ಕೇಕು

ಮೊನ್ನೆ ಮೇಲಿನ ಮನೆಯವರು ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಕು ಬೇಯಿಸುತ್ತಿದ್ದರು. ಬೆಣ್ಣೆ, ವೆನಿಲ್ಲಾಗಳ ಪರಿಮಳ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೂ ಬಂತು. ಎಲ್ಲರಿಗೂ ಬಾಯಲ್ಲಿ ನೀರೂರಿಸುವ ಪರಿಮಳ. ನನಗೆ ಮಾತ್ರ ಸಾವಿನ ಮನೆ ನೆನಪಾಗುತ್ತದೆ. ಕಿಟಕಿ ಮುಚ್ಚಿ ಕೂತೆ.

ಎಂಬತ್ತರ ದಶಕದ ಕೊನೆ. ಒಮಾನಿನ ಸೀಬ್‌ನಲ್ಲಿ, ಇಂಡಿಯನ್ ಸ್ಕೂಲಿಗೆ ಹತ್ತಿರ ನಮ್ಮ ಫ್ಲ್ಯಾಟು. ಎದುರು ಬಾಗಿಲಲ್ಲಿ ಬಾಯಮ್ಮ. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಊರಲ್ಲಿ ನಾವು ತುಳುವರು ಅವರ ಹೆಂಗಸರನ್ನು ಬಾಯಮ್ಮ ಅಂತ ಕರೆಯುವ ಹಾಗೆಯೇ ನಾನೂ ಕರೆಯುತ್ತಿದ್ದೆ. ಗಂಡ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಒಬ್ಬಳೇ ಮಗಳು, ಒಂದನೇ ಕ್ಲಾಸು. ವೀಸಾದ ಪ್ರಕಾರ ಬಾಯಮ್ಮ ಗೃಹಿಣಿ, ದುಡಿಯುವ ಹಾಗಿಲ್ಲ. ಆದರೆ ಅವರ ಕೈ ಸುಮ್ಮನಿರುವ ಜಾತಿಯದಲ್ಲ.

ಶುರುವಾದದ್ದು ನನ್ನ ಮಗನ ಹುಟ್ಟುಹಬ್ಬದಿಂದ. ಸಕ್ಕರೆಯಲ್ಲೇ ಮಲ್ಲಿಗೆ ಚೆಂಡು ಮಾಡಿ ಕೇಕಿನ ಸುತ್ತ ಇಟ್ಟಿದ್ದರು. ನಮ್ಮೂರ ಶಂಕರಪುರ ಮಲ್ಲಿಗೆಯೇ ಅಂತ ಬಗ್ಗಿ ಮೂಸಿದವರುಂಟು! ಬೋರ್ಡಿಲ್ಲ, ಅಂಗಡಿಯಿಲ್ಲ, ಬಾಯಿಂದ ಬಾಯಿಗೆ ಹೆಸರು ಹೋಯಿತು. ಒಮ್ಮೆ ಒಮಾನಿ ಮದುವೆಯಲ್ಲಿ ಹೆಂಗಸರ ಕೈಯ ಮೆಹಂದಿ ನೋಡಿಕೊಂಡು ಬಂದವರು ಅದೇ ಬಳ್ಳಿಯನ್ನು ಚಾಕೊಲೇಟಿನಲ್ಲಿ ಕೇಕಿನ ಮೇಲೆ ಬರೆದರು. ಆಮೇಲೆ ಕೇಳಬೇಕೆ? ದೂರದ ಇಬ್ರಾ ಊರಿಂದಲೂ ಕಾರು ಬಂದು ನಿಲ್ಲುತ್ತಿತ್ತು. ಗಂಡನ ಸಂಬಳಕ್ಕಿಂತ ಹೆಚ್ಚಾಗಿ ಕೇಕೇ ಮನೆ ನಡೆಸುತ್ತಿತ್ತು. ಗಂಡ ಪಾಪದ ಮನುಷ್ಯ. ಗುರುವಾರ ಸಂಜೆ ಕೇಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಹೋಗಿ ಮುಟ್ಟಿಸಿ ಬರುತ್ತಿದ್ದರು.

ಒಂದು ಬೆಳಿಗ್ಗೆ ಗಂಡ ಗೋದಾಮಿನಲ್ಲಿ ಕುಸಿದುಬಿದ್ದರು. ಹಾರ್ಟ್ ಅಟ್ಯಾಕ್. ಆಸ್ಪತ್ರೆಗೆ ತಲುಪುವಾಗ ಎಲ್ಲ ಮುಗಿದಿತ್ತು... ಊರಿಗೆ ಕಳಿಸುವ ಕಾಗದಪತ್ರ ಆಗುವವರೆಗೆ ಹೆಣ ಶವಾಗಾರದಲ್ಲಿ. ಗಂಡನ ವೀಸಾ ಹೋದರೆ ಹೆಂಡತಿ, ಮಗಳದ್ದೂ ಹೋದಂತೆಯೇ. ಊರಲ್ಲಿ ಬಾಯಮ್ಮನಿಗೆ ತುಂಡು ಜಾಗವಿಲ್ಲ. ಇದ್ದದ್ದು ಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದ ಅಕ್ಕ ಒಬ್ಬಳು.

ಎರಡು ಮೂರು ದಿನ ಕಳೆದಿರಬೇಕು, ಬಾಯಮ್ಮ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಮೈದಾ ಡಬ್ಬಿ.

"ನಿಮ್ಮ ಓವನ್ ಒಂಚೂರು ಕೊಡ್ತೀರಾ? ಮಣ್ಣು ಆಗುವವರೆಗೆ ನಮ್ಮಲ್ಲಿ ಒಲೆ ಹಚ್ಚಲಿಕ್ಕಿಲ್ಲ."

"ನಿಮಗೆಂತ ತಲೆ ಕೆಟ್ಟಿದೆಯಾ ಬಾಯಮ್ಮ? ಈಗ ಕೇಕಾ?"

"ಶುಕ್ರವಾರ ಅರಬಾಬ್‌ನ ಮಗಳ ಮದುವೆ. ಅವರು ನನಗೆ ಕಫೀಲ್ ಆಗ್ತಾರಂತೆ. ಶಾದಿ ಖಲಾಸ್, ಫಿರ್ ವೀಸಾ, ಅಂತ ಹೇಳಿದ್ದಾರೆ. ಈ ಕೇಕ್ ತಪ್ಪಿದ್ರೆ ಇವರ ಪೆಟ್ಟಿಗೆಯ ಒಟ್ಟಿಗೆ ನಾವೂ ಹೋಗುವುದೇ."

ಅರಬಾಬ್ ಅಂದರೆ ಸೀಬ್‌ನ ಒಬ್ಬ ದೊಡ್ಡ ವ್ಯಾಪಾರಿ, ಬಾಯಮ್ಮನ ಹಳೇ ಗಿರಾಕಿ. ವೀಸಾ ಕೊಟ್ಟು ಜವಾಬ್ದಾರಿ ಹೊರುವ ಕಫೀಲ್ ಇಲ್ಲದೆ ಆ ದೇಶದಲ್ಲಿ ನಮ್ಮಂಥವರಿಗೆ ನೆಲೆಯೇ ಇಲ್ಲ. ನಾನು ಬಾಗಿಲು ಪೂರ್ತಿ ತೆರೆದೆ.

ನಮ್ಮ ಅಡುಗೆಮನೆಯಲ್ಲಿ ಕೆಲಸ ಮುಗಿಯುವವರೆಗೂ ನಿಂತೇ ಇದ್ದರು. ಕಣ್ಣಲ್ಲಿ ಒಂದು ಹನಿಯಿಲ್ಲ. ಅಳಿ ಮಾರಾಯ್ರೆ, ಹಗುರಾಗ್ತದೆ ಅಂತ ನಾನು ಅಂದದ್ದಕ್ಕೆ, "ಐಸಿಂಗಿಗೆ ನೀರು ಬಿದ್ರೆ ಹಾಳು" ಅಂದರು. ಪರಿಮಳವನ್ನು ಕಟ್ಟಿಹಾಕುವವರು ಯಾರು? ಇಡೀ ಬಿಲ್ಡಿಂಗಿಗೆ ಗೊತ್ತಾಯಿತು. ಮಾತಾಡಿಸಲು ಬಂದವರು ಮೂಗಿನ ಮೇಲೆ ಬೆರಳಿಟ್ಟರು. "ಗಂಡ ಮಾರ್ಚುರಿಯಲ್ಲಿ, ಇವಳಿಗೆ ಮದುವೆ ಕೇಕು!" ಅಂದಳು ಕೆಳಗಿನ ಫ್ಲ್ಯಾಟಿನವಳು. ನನಗೆ ಉರಿಯಿತು. "ನಾಳೆಯಿಂದ ಅವರ ಮಗಳಿಗೆ ಅನ್ನ ನೀನು ಹಾಕ್ತೀಯಾ?" ಅಂತ ಕೇಳಿಯೇಬಿಟ್ಟೆ. ಅವಳು ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ, ನಷ್ಟವೇನಿಲ್ಲ.

ಐದು ಅಂತಸ್ತಿನ ಕೇಕು. ತುದಿಯಿಂದ ಬುಡದವರೆಗೆ ಮೆಹಂದಿ ಬಳ್ಳಿ. ಅರಬಾಬ್ ಮಾತು ತಪ್ಪಲಿಲ್ಲ, ಸುಳ್ಳು ಹೇಳಬಾರದು, ಒಳ್ಳೆಯ ಮನುಷ್ಯನೇ. ವೀಸಾ ಕೊಟ್ಟ. ಆದರೆ ಅದು ಮನೆಗೆಲಸದವಳ ವೀಸಾ. ಅದರಲ್ಲಿ ಮಗುವನ್ನು ಇಟ್ಟುಕೊಳ್ಳುವ ಹಾಗಿಲ್ಲ. ವೀಸಾ ಬದಲಾಗುವವರೆಗೆ ದೇಶ ಬಿಡುವ ಹಾಗೂ ಇಲ್ಲ. ಅಂದರೆ ಗಂಡನ ಮಣ್ಣಿಗೂ ಹೋಗುವ ಹಾಗಿಲ್ಲ. ಕೇಕು ಬೇಯುವಾಗ ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಮಗಳನ್ನು ಕಳಿಸಿದ್ರೆ ಅವಳಿಗೆ ನಾನಿಲ್ಲ. ಒಟ್ಟಿಗೆ ಹೋದ್ರೆ ಅವಳಿಗೆ ಊಟ ಇಲ್ಲ. ಎಂತ ಮಾಡುವುದು, ನೀವೇ ಹೇಳಿ."



ಪೆಟ್ಟಿಗೆಯ ಜೊತೆ ನನ್ನ ಗಂಡ ಹೋದರು, ಮಂಗಳೂರಿನ ಅಕ್ಕನ ಮನೆಗೆ ಬಿಡಲು ಹುಡುಗಿಯ ಕೈ ಹಿಡಿದುಕೊಂಡು. ಏರ್‌ಪೋರ್ಟಿನಲ್ಲಿ ಅದು, "ಮಮ್ಮಿ, ವೈ ಆರ್ ಯೂ ನಾಟ್ ಕಮಿಂಗ್?" ಅಂತ ಕೇಳುತ್ತಲೇ ಇತ್ತು. ಬಾಯಮ್ಮ ಕೊಂಕಣಿಯಲ್ಲಿ ಏನೋ ಹೇಳಿದರು. ಆರ್ಡರ್ ಅನ್ನುವ ಶಬ್ದ ಮಾತ್ರ ನನಗೆ ತಿಳಿಯಿತು. ವಾಪಸು ಬರುವಾಗ ಕಾರಿನಲ್ಲಿ ಅವರು ಅತ್ತ ರೀತಿ ಬರೆಯಲು ನನ್ನಿಂದಾಗದು.

ಆಮೇಲೆ ಬಾಯಮ್ಮ ಬೆಳೆದದ್ದನ್ನು ಎಲ್ಲರೂ ಬಲ್ಲರು. ಅರಬಾಬ್‌ನ ಮನೆಯ ಹಿಂದಿನ ಕೋಣೆಯಲ್ಲಿ ದೊಡ್ಡ ಓವನ್ ಬಂತು. ತೊಂಬತ್ತರ ದಶಕದಲ್ಲಿ ಇಬ್ರಾಗಿಂತಲೂ ದೂರದ ಇಬ್ರಿಯವರೆಗೂ ಅವರ ಕೇಕು ಹೋಗುತ್ತಿತ್ತು. ಕೆಳಗಿನ ಫ್ಲ್ಯಾಟಿನವಳೂ ತನ್ನ ಮಗಳ ಮದುವೆಗೆ ಅವರ ಹತ್ತಿರವೇ ಮಾಡಿಸಿದಳು, ನೋಡಿ! ಬಾಯಮ್ಮ ಗೆದ್ದರು ಅಂದರು ಜನ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವಾಗ ಮಾತ್ರ ಮುಖ ಇನ್ನಷ್ಟು ಸಣ್ಣದಾಗಿರುತ್ತಿತ್ತು. "ದೊಡ್ಡವಳಾಗಿದ್ದಾಳೆ. ನನ್ನನ್ನು ನೆಂಟರ ಹಾಗೆ ಮಾತಾಡಿಸ್ತಾಳೆ" ಅಂದಿದ್ದರು ಒಮ್ಮೆ.

ಬಾಯಮ್ಮ ತೀರಿಕೊಂಡದ್ದು ಕಳೆದ ತಿಂಗಳು, ಮಂಗಳೂರಿನಲ್ಲಿ. ಸಿಮೆಟ್ರಿಗೆ ಹೋಗಿದ್ದೆ. ಮಗಳು ಈಗ ಡಾಕ್ಟರು. ಓದಿದ್ದೆಲ್ಲ ಆ ಕೇಕುಗಳ ದುಡಿಮೆಯಲ್ಲಿ. ನಾನು ಅಳುತ್ತಿದ್ದೆ, ಅವಳು ಅಳುತ್ತಿರಲಿಲ್ಲ. ಕೈ ಹಿಡಿದು, "ನಿನ್ನಮ್ಮ ಇಷ್ಟೆಲ್ಲ ಮಾಡಿದ್ದು ನಿನಗಾಗಿ ಮಗಾ..." ಅಂತ ಶುರುಮಾಡಿದೆ.

"ಗೊತ್ತುಂಟು ಆಂಟಿ," ಅಂದಳು. "ಡ್ಯಾಡಿಯ ಪೆಟ್ಟಿಗೆಯ ಹತ್ತಿರ ನಾನೊಬ್ಬಳೇ ನಿಂತಿದ್ದೆ. ಆಗ ನನಗೆ ಆರು ವರ್ಷ."

ಜಗಳಕ್ಕೆ ನಿಲ್ಲುವವಳು ನಾನು. ಅವತ್ತು ಯಾರ ಪರವಾಗಿ ನಿಲ್ಲುವುದೆಂದೇ ತಿಳಿಯಲಿಲ್ಲ. ಅವಳ ಪಕ್ಕದಲ್ಲೇ ನಿಂತು, ಬಾಯಮ್ಮನಿಗೆ ಒಂದು ಹಿಡಿ ಮಣ್ಣು ಹಾಕಿ ಬಂದೆ.