ಬಾರಸೆಯ ದಿನ ಓಣಿಗೆ ಕೇಳಿಸಿದ ಹಾಡು

ದೆವ್ವ, ಪವಾಡ ಇವನ್ನೆಲ್ಲ ನಾನು ನಂಬಿದವಳಲ್ಲ. ರೋಣದ ಕಡೆಯ ನಮ್ಮ ಹಳ್ಳಿಯಲ್ಲಿ ಯಾರದಾದರೂ ಮೈಮೇಲೆ ದೇವರು ಬಂದರೆ ಉಳಿದವರು ಕೈಮುಗಿದು ನಿಲ್ಲುತ್ತಿದ್ದರು. ನಾನು ಮೈಮೇಲೆ ಬಂದವರ ಕಾಲಿಗೆ ಕಲ್ಲು ತಾಗದಿರಲಿ ಎಂದು ಅಂಗಳ ಗುಡಿಸುತ್ತಿದ್ದೆ. ಓದಿದ್ದು ಅದೇ ಹಳ್ಳಿಯ ಶಾಲೆಯಲ್ಲಿ. ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಮೊದಲಿನಿಂದಲೂ ಸಂಕೋಚ. ಅದಕ್ಕೇ ಈ ಸಂಗತಿಯನ್ನು ಇಷ್ಟು ವರ್ಷ ನನ್ನಲ್ಲೇ ಇಟ್ಟುಕೊಂಡೆ. ಮೊಮ್ಮಕ್ಕಳೇ, ಈಗ ನಿಮಗಾಗಿ ಬರೆಯುತ್ತಿದ್ದೇನೆ. ಕನ್ನಡ ಓದುವುದು ಕಷ್ಟವಾದರೆ ನಿಮ್ಮ ಅಪ್ಪನಿಂದ ಓದಿಸಿಕೊಳ್ಳಿ. ನಂಬಲೇಬೇಕೆಂದು ಒತ್ತಾಯವಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ನಾನೂ ನಿಮ್ಮ ಅಪ್ಪನೂ ನಾಗಪುರದ ಅಂಚಿನಲ್ಲಿರುವ ವಾಡಿಯ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪಕ್ಕದ ಮನೆಯಲ್ಲಿ ಲಾರಿ ಡ್ರೈವರ್ ಪ್ರಕಾಶ, ಅವನ ತಾಯಿ ಯಮುನಾಬಾಯಿ, ಹೆಂಡತಿ ಮೀನಾ. ಮೀನಾ ಬಸುರಿಯಾದಾಗ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ ಇದೆ ಎಂದರು. ಪ್ರಕಾಶ ಹೆಚ್ಚಾಗಿ ಲಾರಿಯ ಮೇಲೆಯೇ ಇರುತ್ತಿದ್ದ. ಯಮುನಾಬಾಯಿಗೆ ಆಸ್ಪತ್ರೆಯೆಂದರೆ ಕಾಲೇ ಏಳುತ್ತಿರಲಿಲ್ಲ. ಹಾಗಾಗಿ ಮೀನಾಳ ಜೊತೆ ನಾನು ಹೋಗುತ್ತಿದ್ದೆ.

ಅಲ್ಲಿ ತಿಳಿವಳಿಕೆ ಹೇಳಲು ವೈಶಾಲಿ ಎಂಬ ಹುಡುಗಿ ಇದ್ದಳು. ಅವರೆಲ್ಲ ಆಡುತ್ತಿದ್ದುದು ಮರಾಠಿ, ನನ್ನನ್ನು ಕರೆಯುತ್ತಿದ್ದುದು ಕಾಕೂ, ಅಂದರೆ ಚಿಕ್ಕಮ್ಮ ಎಂದು. ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. "ಕಾಕೂ, ಮುಟ್ಟಿದ್ರ ಬರೂದಿಲ್ಲ, ಜೋಡಿ ಕುಂತು ಉಂಡ್ರ ಬರೂದಿಲ್ಲ, ಸೊಳ್ಳಿ ಕಡದ್ರೂ ಬರೂದಿಲ್ಲ," ಎಂದಳು. ಹೇಗೆ ಬರುತ್ತದೆ ಎಂಬುದನ್ನೂ ಬಿಡಿಸಿ ಹೇಳಿದಳು. ಅದನ್ನು ನಾನು ಸೆರಗು ಬಾಯಿಗಿಟ್ಟುಕೊಂಡು ಕೇಳಿದೆ, ಆದರೆ ಪೂರ್ತಿ ಕೇಳಿದೆ.

ಆ ದಿನಗಳಲ್ಲಿ ವೈಶಾಲಿಯ ಜೊತೆ ಎಸ್ತರ್ ಎಂಬ ನರ್ಸ್ ಇದ್ದಳು. ಆಫ್ರಿಕದ ಪಶ್ಚಿಮ ತೀರದಲ್ಲಿರುವ ಘಾನಾ ದೇಶದವಳು. ಇಲ್ಲಿ ಲಾರಿಯವರಿಗೆ ಈ ಕಾಯಿಲೆಯ ಬಗ್ಗೆ ಹೇಗೆ ಹೇಳುತ್ತಾರೆಂದು ನೋಡಲು ಬಂದಿದ್ದಳು. ಅವಳ ಊರಲ್ಲೂ ಇದೇ ಕಾಯಿಲೆ, ಇದೇ ಹೆದರಿಕೆಯಂತೆ. ಭಾಷಣಕ್ಕೆ ಜನ ಬಗ್ಗದಿದ್ದಾಗ ಅವಳೂ ಜೊತೆಯ ನರ್ಸುಗಳೂ ಸಂತೆಯಲ್ಲಿ ಕುಳಿತು, ಕಾಯಿಲೆಯವರ ಜೊತೆ ಒಂದೇ ಬೋಗುಣಿಗೆ ಕೈ ಹಾಕಿ ಉಂಡು ತೋರಿಸುತ್ತಿದ್ದರಂತೆ. ಅವಳ ಇಂಗ್ಲಿಷನ್ನು ವೈಶಾಲಿ ನಮಗೆ ತಿಳಿಸುತ್ತಿದ್ದಳು.

ಮೀನಾಳಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆಯ ಹೊತ್ತಿಗೆ ತಾಯಿಗೂ, ಹುಟ್ಟಿದ ಮೇಲೆ ಮಗುವಿಗೂ ಔಷಧ ಕೊಟ್ಟರು. ಮಗುವಿಗೆ ಕಾಯಿಲೆ ಬಂದಿದೆಯೋ ಇಲ್ಲವೋ ಖಚಿತವಾಗಲು ಒಂದೂವರೆ ವರ್ಷ ಕಾಯಬೇಕೆಂದರು. ಅಷ್ಟರಲ್ಲಿ ಓಣಿಗೆ ಸುದ್ದಿ ಹಬ್ಬಿತ್ತು. ಯಮುನಾಬಾಯಿ ನೀರು ಹಿಡಿದು ಹೋದ ಮೇಲೆ ಹೆಂಗಸರು ನಲ್ಲಿಯನ್ನು ತೊಳೆದು ತಮ್ಮ ಕೊಡ ಇಡುತ್ತಿದ್ದರು.

ಬಾರಸೆ ಬಂತು. ಮಗುವಿನ ಹೆಸರಿಡುವುದನ್ನು ಮರಾಠಿಯವರು ಹಾಗೆನ್ನುತ್ತಾರೆ. ತೊಟ್ಟಿಲ ಆ ಕಡೆ ಈ ಕಡೆ ಹೆಂಗಸರು ಕೂತು, ಗೋವಿಂದನನ್ನು ತಗೋ, ಗೋಪಾಲನನ್ನು ತಗೋ ಎನ್ನುತ್ತ, ಮಗುವನ್ನು ತೊಟ್ಟಿಲ ಕೆಳಗಿನಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬೇಕು. ಮುಟ್ಟದೆ ಅದು ಆಗುವ ಕೆಲಸವಲ್ಲ. ಯಮುನಾಬಾಯಿ ಮನೆಮನೆಗೆ ಹೋಗಿ ಕರೆದು ಬಂದಳು. ಯಾರೂ ಇಲ್ಲವೆನ್ನಲಿಲ್ಲ, ಬರುತ್ತೇವೆಂದೂ ಅನ್ನಲಿಲ್ಲ.

"ಇವತ್ತ ಯಾರೂ ಬರಲಿಲ್ಲಂದ್ರ ನಾಳೆ ಮನೀಗೆ ಕೀಲಿ ಹಾಕಿ ಊರಿಗೆ ಹೋಗೂದ," ಎಂದು ಯಮುನಾಬಾಯಿ ಮೊದಲೇ ಹೇಳಿಬಿಟ್ಟಿದ್ದಳು. ಅವರ ಊರು ಯವತ್ಮಾಳದಿಂದಲೂ ಆಚೆ. ಔಷಧ, ಪರೀಕ್ಷೆ, ವೈಶಾಲಿ ಎಲ್ಲ ಇರುವುದು ನಾಗಪುರದಲ್ಲಿ. ಹೋದರೆ ತಾಯಿ ಮಗುವಿನ ಗತಿ ಏನೆಂದು ನನಗೆ ಗೊತ್ತಿತ್ತು. ಮೀನಾಳಿಗೂ ಗೊತ್ತಿತ್ತು.

ಸಂಜೆಯಾಯಿತು. ಎಂದಿನಂತೆ ಓಣಿಯಲ್ಲೆಲ್ಲ ಕರೆಂಟು ಹೋಗಿತ್ತು. ತೊಟ್ಟಿಲಿಗೆ ಸೇವಂತಿಗೆ ಕಟ್ಟಿದ್ದೆವು. ಒಲೆಯ ಮೇಲೆ ಕಡಲೆ ಗುಗ್ಗರಿ ಆರುತ್ತಿತ್ತು. ನಾವು ಮೂವರೇ. "ಕಾಕೂ, ನೀವರ ಒಂದು ಹಾಡ್ರಿ," ಎಂದಳು ಯಮುನಾಬಾಯಿ. ನಾನು ತಲೆಯಲ್ಲಾಡಿಸಿ ತೊಟ್ಟಿಲ ಹೂವು ಸರಿಮಾಡಿದೆ. ಅವಳಿಗೆ ಅಳು ಬಂದು ಹಾಡಲಾಗಲಿಲ್ಲ. ಮೀನಾ ಮಗುವಿನ ಮುಖ ನೋಡುತ್ತ ಕೂತಿದ್ದಳು. ತೊಟ್ಟಿಲ ಸರಪಳಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಆಗ ಎದುರುಮನೆಯ ಕುಸುಮಬಾಯಿ ಕೈಯಲ್ಲಿ ಕೂಸಿನ ಅಂಗಿ ಕುಲಾಯಿ ಹಿಡಿದು ಒಳಗೆ ಬಂದಳು. "ಓಣ್ಯಾಗಿನವರೆಲ್ಲ ಬಂದು ಹಾಡಾಕತ್ತೀರಿ. ನಾನೊಬ್ಬಾಕಿ ಬರಲಿಲ್ಲಂದ್ರ ನಾಳೆ ನಲ್ಲಿ ಕಟ್ಟಿ ಮ್ಯಾಲೆ ನನ್ನ ಸುದ್ದೀನ ಆಡ್ತೀರಿ," ಎಂದವಳು ಸುತ್ತ ನೋಡಿ, "ಉಳದವರೆಲ್ಲಿ?" ಎಂದಳು.

"ಯಾರು?" ಎಂದೆ.

"ಹತ್ತು ಮಂದಿ ಹಾಡೂದು ಕೇಳಿ ಬಂದೀನಿ. ಅಡಿಗಿಮನ್ಯಾಗ ಮುಚ್ಚಿಟ್ಟೀರೇನು?"

ತಾನೇ ಹೋಗಿ ನೋಡಿ ಬಂದಳು. ಅಡಿಗೆಮನೆಯಲ್ಲಿ ಗುಗ್ಗರಿಯ ಪಾತ್ರೆ ಬಿಟ್ಟರೆ ಏನಿತ್ತು? ಅವಳ ಮುಖ ಬಾಗಿಲ ಕಡೆ ತಿರುಗಿತು. ಹೋಗಿಬಿಡುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದರು. "ಏನವಾ ಕುಸುಮಾ, ನಮ್ಮನ್ನ ಬಿಟ್ಟು ಮದಲ ಬಂದು ಹಾಡಾಕತ್ತಿ," ಎಂದು ಮೂದಲಿಸುತ್ತಲೇ ಒಳಗೆ ಬಂದರು. ಅವರ ಹಿಂದೆ ಮತ್ತಿಬ್ಬರು. ಇನ್ನು ಕುಸುಮಬಾಯಿ ಹೇಗೆ ಹೋದಾಳು? ತೊಟ್ಟಿಲ ಪಕ್ಕ ಕೂತುಬಿಟ್ಟಳು.

ಕೊನೆಗೆ ಓಣಿಯ ಬಾಯಲ್ಲಿ ಆಟೋ ಇಳಿದು ವೈಶಾಲಿ, ಎಸ್ತರ್ ಇಬ್ಬರೂ ವಾದ ಮಾಡುತ್ತ ಬಂದರು. ಎಸ್ತರಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನೋಡ್ರಿ ಕಾಕೂ, ಇಕೀ ಹುಚ್ಚು," ಎಂದಳು ವೈಶಾಲಿ. "ನೀವು ಹಾಡಿದ್ದು ಇಕೀ ಅಜ್ಜಿ ಹಾಡಂತ. ಇಕೀ ಭಾಷಾದಾಗ ಐತಂತ. ನಾ ನನ್ನ ಕಿವೀಲೆ ಕೇಳೀನಿ, ನಮ್ಮವ್ವ ಹಾಡತಿದ್ದ ಮರಾಠಿ ಜೋಗುಳ ಅದು."

ಮೊದಲು ನಕ್ಕವಳು ಮೀನಾ. ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ.

ಆಮೇಲೆ ಯಾರೂ ಯೋಚಿಸುತ್ತ ಕೂರಲಿಲ್ಲ. ಎಸ್ತರ್ ಆ ಕಡೆ ಕೂತಳು, ಕುಸುಮಬಾಯಿ ಈ ಕಡೆ. ಮಗು ತೊಟ್ಟಿಲ ಕೆಳಗಿನಿಂದ ಕೈ ದಾಟಿತು. ಎಸ್ತರ್ ಗೋವಿಂದ, ಗೋಪಾಲ ಎನ್ನಲು ಹೋಗಿ ಎರಡನ್ನೂ ಕಲಸಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಬಂದಿರಲಿಲ್ಲ. "ನಾನ ಪ್ರಕಾಶನ ಅಕ್ಕ, ತರ್ರಿ ಇಲ್ಲೆ," ಎಂದು ಕುಸುಮಬಾಯಿ ಬಗ್ಗಿ ಪೂರ್ವಾ ಎಂದು ಹೆಸರು ಹೇಳಿದಳು. ಆಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ನಲ್ಲಿಯ ಹಳೆಯ ಜಗಳವೆಲ್ಲ ತೀರುವಂತೆ ಗುದ್ದಿದರು. ಎಸ್ತರ್ ಮೀನಾಳ ತಟ್ಟೆಗೇ ಕೈ ಹಾಕಿ ಗುಗ್ಗರಿ ತಿಂದಳು. ಅದನ್ನು ನೋಡಿ ಇನ್ನೊಬ್ಬಳು ಕೈ ಹಾಕಿದಳು, ಮತ್ತೊಬ್ಬಳು ಹಾಕಿದಳು.

ಊರಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಒಂದೂವರೆ ವರ್ಷದ ಮೇಲೆ ಪರೀಕ್ಷೆಯಲ್ಲಿ ಪೂರ್ವಾಳಿಗೆ ಕಾಯಿಲೆ ಇಲ್ಲವೆಂದು ಬಂತು. ಮೀನಾ ಔಷಧ ತಪ್ಪಿಸದೆ ಇವತ್ತಿಗೂ ಗಟ್ಟಿಯಾಗಿದ್ದಾಳೆ.

ಹಾಡಿನ ಬಗ್ಗೆ ನಾನು ಬೇಕಾದಷ್ಟು ಯೋಚಿಸಿದ್ದೇನೆ. ಕರೆಂಟಿಲ್ಲದ ಓಣಿಯಲ್ಲಿ ಯಾರ ಮನೆಯ ಟೇಪೂ ಹಾಡುವಂತಿರಲಿಲ್ಲ. ಹಾಡಿತೆಂದೇ ಇಟ್ಟುಕೊಂಡರೂ ಎಸ್ತರಳ ಅಜ್ಜಿಯ ಹಾಡು ವಾಡಿಗೆ ಎಲ್ಲಿಂದ ಬರಬೇಕು? ಹೊರಗಿದ್ದವರಿಗೆಲ್ಲ ಕೇಳಿಸಿದ್ದು ಒಳಗಿದ್ದ ನಮಗೆ ಮೂವರಿಗೆ ಯಾಕೆ ಕೇಳಿಸಲಿಲ್ಲ? ನನಗೆ ತಿಳಿದಿಲ್ಲ.

ಕುಸುಮಬಾಯಿ ಈಗಲೂ ಸಿಕ್ಕಾಗ ನನ್ನ ಕೈ ಹಿಡಿದು ನಿಲ್ಲಿಸುತ್ತಾಳೆ. "ಖರೇ ಹೇಳ್ರಿ ಕಾಕೂ, ಅವತ್ತ ಹಾಡಿದವರು ಯಾರು?" ನಾವಲ್ಲ ಎನ್ನುತ್ತೇನೆ. ಅವಳು ನಂಬುವುದಿಲ್ಲ. "ಭಾರಿ ನಾಚಿಕಿ ಮಂದಿ ನೀವು. ಅಷ್ಟು ಚಲೋ ಹಾಡಿ, ಇಲ್ಲಂತೀರಿ," ಎಂದು ನಗುತ್ತ ಹೋಗುತ್ತಾಳೆ.